ಸಾಮಾನು ಕೋಣೆಯ ಬೆಕ್ಕು

ಬೀಗ ಒಡೆದಾಗ ಒಳಗಿನಿಂದ ಬೆಕ್ಕು ಹೊರಬರಲಿಲ್ಲ. ಅಕ್ಕ ಬಂದಳು. ಎರಡು ಮೊಣಕೈ ಊರಿಕೊಂಡು, ಒಂದು ಕಾಲನ್ನು ಹಿಂದೆ ಎಳೆದುಕೊಂಡು, ಮಡಚಿಟ್ಟ ಕುರ್ಚಿಗಳ ನಡುವಿನಿಂದ ತೆವಳಿಕೊಂಡು ಬಂದಳು. ನಲ್ಲಿ ರಿಪೇರಿಯವನ ಕೈಯಿಂದ ಸುತ್ತಿಗೆ ಜಾರಿ ಅವನ ಪಾದದ ಮೇಲೇ ಬಿತ್ತು. ನೋವಾದದ್ದು ಅವನಿಗೆ ಗೊತ್ತಾಗಲಿಲ್ಲ.

"ಅಕ್ಕಾ! ನೀವಾ? ನೀವು ಆಸ್ಪತ್ರೇಲಿ ಇದೀರಿ ಅಂದ್ರಲ್ಲ!"

ಅಕ್ಕನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕೈಯಲ್ಲಿ ಅಡುಗೆಯ ದೊಡ್ಡ ಸೌಟು. ಬಡಿದು ಬಡಿದು ಅದರ ಹಿಡಿ ಬಾಗಿಹೋಗಿತ್ತು. "ನೀರು" ಎಂದಳು, ಉಸಿರಿನಲ್ಲೇ. ಪೈಪು ಒಡೆದು ಬೀದಿಯ ತುಂಬ ನೀರು ಹರಿಯುತ್ತಿತ್ತು. ಅದರಲ್ಲಿ ಒಂದು ಲೋಟ ಹಿಡಿದು ತರಬೇಕೆಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಅವನು ಬೀಗ ಒಡೆದದ್ದು ಅಕ್ಕನನ್ನು ಹುಡುಕಿ ಅಲ್ಲ, ಒಳಗಿದ್ದ ಹೊಸ ಪೈಪಿಗಾಗಿ. ಅಕ್ಕ ಬಂದು ತೆಗೆದುಕೊಡಲಿ ಎಂದು ಬೆಳಗಿನಿಂದ ಕಾದು ಕಾದು ಬೇಸತ್ತಿದ್ದ.

ಬೀದಿಯವರ ಸಮುದಾಯ ಭವನದ ಹಿಂದಿನ ಕೋಣೆ ಅದು. ಕುರ್ಚಿ, ಪಾತ್ರೆ, ಕಂಬಳಿ, ಕಾಯಿಲೆಯವರನ್ನು ಹೊರುವ ಸ್ಟ್ರೆಚರು, ಎಲ್ಲವನ್ನೂ ಬೀದಿಗೆಲ್ಲ ಅಕ್ಕನಾದ ಇವಳೇ ಮನೆಮನೆ ತಿರುಗಿ ಕೂಡಿಸಿದ್ದಳು. ಒಮ್ಮೆ ಪಾತ್ರೆ ಕಳುವಾದ ಮೇಲೆ ಒತ್ತಿದರೆ ಬೀಳುವ ಬೀಗ ತಂದು, "ಬಾಗಿಲು ತೆಗೆದಿರೋದು ಯಾರ ಕಣ್ಣಿಗೆ ಬಿದ್ರೂ ಸರಿ, ಬೀಗ ಒತ್ತಿ ಹೋಗಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದಳು. ಕೀಲಿ ಅವಳ ಸೊಂಟದಲ್ಲೇ ಇರುತ್ತಿತ್ತು. ಹಿಂದಿನ ದಿನ ಮಧ್ಯಾಹ್ನ, ಹೆರಿಗೆಗೆ ಆಸ್ಪತ್ರೆ ಸೇರಿದವಳಿಗೆ ಕಂಬಳಿ ಒಯ್ಯೋಣವೆಂದು ಸ್ಟೂಲು ಹತ್ತಿದವಳು ಜಾರಿ ಬಿದ್ದಳು. ಎಚ್ಚರವಾದಾಗ ಕಣ್ಣೆದುರು ಕತ್ತಲೆ, ಬಾಗಿಲಿಗೆ ಹೊರಗಿನಿಂದ ಬೀಗ. ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು.

ಸುದ್ದಿ ಕೇಳಿ ಅಕ್ಕನ ಗಂಡ ಓಡಿಬಂದ, ಹಿಂದೆಯೇ ಸೊಸೆ. ಎದುರಂಗಡಿಯ ಟೈಲರು ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ.

"ಹೆರಿಗೆಯವಳ ಜೊತೆ ಉಳ್ಕೊಂಡೆ ಅಂದ್ಕೊಂಡೆ ಕಣೇ," ಎಂದ ಗಂಡ. "ನೀನು ರಾತ್ರಿ ಮನೆಗೆ ಬರದೇ ಇರೋದೇನು ಹೊಸದಾ? ಸಿಕ್ಕಿಹಾಕ್ಕೊಳ್ಳೋದಕ್ಕೂ ನಿನಗೆ ನಮ್ಮ ಮನೆ ಆಗ್ಲಿಲ್ಲ ನೋಡು."

ಯಾರೂ ನಗಲಿಲ್ಲ.

"ಆಸ್ಪತ್ರೆಯಿಂದ ಹೆರಿಗೆಯವಳ ಕಡೆಯವರ ಫೋನ್ ಬಂದಿತ್ತು ಮಾವ," ಎಂದಳು ಸೊಸೆ, ನೆಲ ನೋಡುತ್ತ. "ಅಕ್ಕ ಯಾಕೆ ಬರ್ಲಿಲ್ಲ ಅಂತ ಕೇಳಿದ್ರು. ಇನ್ಯಾರದೋ ಕೆಲಸಕ್ಕೆ ಹೋಗಿರ್ತಾರೆ ಅಂದೆ."

ಟೈಲರು ಅಕ್ಕನ ಪಕ್ಕ ಕುಕ್ಕರಿಸಿದ. "ಬೀಗ ಒತ್ತಿದ್ದು ನಾನೇ ಅಕ್ಕ. ಬಾಗಿಲು ತೆಗೆದಿತ್ತು, ನೀವೇ ಹೇಳಿದ್ರಲ್ಲ... ಸಂಜೆ ಒಳಗೆ ಡಬಡಬ ಸದ್ದಾಯ್ತು. ಬೆಕ್ಕು ಅಂದ್ಕೊಂಡೆ. ಹಾಗಂತ ಬಿಟ್ಟು ಸುಮ್ನೆ ಕೂತ್ನಾ? ನಿಮ್ಮನೆಗೆ ಹೋಗಿ ಹೇಳಿ ಬಂದೆ. ಕೇಳಿ ಬೇಕಾದ್ರೆ."

ಸೊಸೆಯ ಮುಖ ಬಿಳಿಚಿತು. "ಹೇಳಿದ್ರು ಅತ್ತೆ. ಆಮೇಲೆ ಮೇಷ್ಟ್ರೂ ಬಂದು ಹೇಳಿದ್ರು. ಬೆಳಿಗ್ಗೆ ಹಾಲಿನವಳೂ ಹೇಳಿದ್ಲು. ಎಲ್ಲರೂ 'ಅತ್ತೆ ಬಂದ ತಕ್ಷಣ ಹೇಳಮ್ಮ, ಬಂದು ನೋಡ್ತಾರೆ' ಅಂದ್ರು. ನೀವು ಬಂದ ತಕ್ಷಣ ಹೇಳೋಣ ಅಂತ ನಾನು..."

ತಾನೇನು ಹೇಳುತ್ತಿದ್ದೇನೆಂದು ಅವಳಿಗೇ ಆಗ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದಳು.

"ಮೊದಲು ಕೂಗಿದೆ," ಎಂದಳು ಅಕ್ಕ. ಗಂಟಲು ಕೆರೆದು ಕೆರೆದು ಮಾತು ಬರುತ್ತಿತ್ತು. "ದನಿ ಬಿದ್ದು ಹೋಯ್ತು. ಆಮೇಲೆ ಬಡಿದೆ. ನೀವು ಬಾಗಿಲ ಹತ್ರಾನೇ ನಿಂತು ಮಾತಾಡಿದ್ರಿ. ಒಂದೊಂದು ಮಾತೂ ಕೇಳಿಸ್ತು. 'ಅಕ್ಕನಿಗೆ ಹೇಳೋಣ' ಅಂದ್ರಿ. ಹೋದ್ರಿ."

ಸಂಜೆ ಅಕ್ಕನ ಮನೆಯ ಹೊರಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಕಾಲಿಗೆ ಪಟ್ಟಿ ಬಿಗಿದು ಮಂಚದ ಮೇಲೆ ಮಲಗಿಸಿದ್ದರು. ಸೊಸೆ ಪಕ್ಕದಲ್ಲಿ ಕೂತು ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಬಂದವರಲ್ಲಿ ಕಣ್ಣೊರೆಸಿಕೊಳ್ಳದವರಿಲ್ಲ. ಇನ್ನೊಂದು ಹಗಲು ಕಳೆದಿದ್ದರೆ ಗತಿ ಏನಾಗುತ್ತಿತ್ತೆಂದು ಒಬ್ಬರ ಮಾತನ್ನು ಇನ್ನೊಬ್ಬರು ಬೆಳೆಸಿದರು.

"ಇನ್ಮೇಲೆ ಹೀಗಾಗ್ಬಾರ್ದು," ಎಂದರು ಮೇಷ್ಟ್ರು. "ದಿನಾ ಸಂಜೆ ಒಬ್ಬರು ಹೋಗಿ, ಒಳಗೆಲ್ಲ ನೋಡಿ, ಆಮೇಲೆ ಬೀಗ ಹಾಕ್ಬೇಕು."

"ಹೌದು ಹೌದು, ಹಾಕ್ಲೇಬೇಕು," ಎಂದರು ಎಲ್ಲರೂ.

"ಯಾರು?" ಎಂದ ಟೈಲರು.

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಹಾಲಿನವಳಿಗೆ ದನದ ನೆನಪಾಯಿತು.

ಗಂಡನೇ ನಕ್ಕು ಎಲ್ಲರ ಕಷ್ಟ ಬಗೆಹರಿಸಿದ. "ಅದಕ್ಕೇನು ಅಷ್ಟು ಯೋಚನೆ? ಕಾಲೊಂದು ಸರಿಹೋಗ್ಲಿ, ಇವಳೇ ನೋಡ್ಕೋತಾಳೆ. ಅಲ್ಲೀತನಕ ನಮ್ಮ ಸೊಸೆ ಇದ್ದಾಳಲ್ಲ."

"ಅದೇ ಸರಿ, ಅದೇ ಸರಿ." ಎದೆಯ ಭಾರ ಇಳಿದವರಂತೆ ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕತೊಡಗಿದರು.

"ಆಯ್ತು," ಎನ್ನುತ್ತ ಸೊಸೆ ಏಳಹೋದಳು. ಏಳಲಾಗಲಿಲ್ಲ. ಚಮಚ ಹಿಡಿದಿದ್ದ ಅವಳ ಮಣಿಕಟ್ಟನ್ನು ಅತ್ತೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಹಾಲು ಚೆಲ್ಲಿತು. ಸೊಸೆಗೆ ನೋವಾಯಿತು. ಅಕ್ಕ ಬಿಡಲಿಲ್ಲ.