ಹದ್ದುಗಳ ಪೆಟ್ಟಿಗೆ

ಚನ್ನವೀರೇಶ್ ಇವತ್ತೂ ಕೈಚಳಕ ತೋರಿಸಿದರು. ಪೆಟ್ಟಿಗೆಯಿಂದ ಎತ್ತಿದ ನಾಣ್ಯ ಅಂಗಿಯ ಜೇಬಿಗೆ ಹೋಯಿತು. ಜೇಬಿನಿಂದ ಬಂದ ಇನ್ನೊಂದು ನಾಣ್ಯ ಪೆಟ್ಟಿಗೆ ಸೇರಿತು. ಅಡುಗೆಮನೆಯಲ್ಲಿ ನಿಂತವರಿಗೆ ಶೋಕೇಸಿನ ಗಾಜಿನಲ್ಲಿ ಇದೆಲ್ಲ ಕಾಣುತ್ತದೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಸೀತಾ ಸದ್ದು ಮಾಡದೆ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿ, ತಟ್ಟೆ ಹಿಡಿದು ಹೊರಗೆ ಬಂದಳು.

ಆರ್‌ಪಿಸಿ ಲೇಔಟಿನ ಆ ಮನೆಯ ಯಜಮಾನ ಪುರುಷೋತ್ತಮ ತೀರಿಕೊಂಡು ವರ್ಷ ದಾಟಿತ್ತು. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಹಳೆಯ ನಾಣ್ಯಗಳ ಹುಚ್ಚು. ಅದರಲ್ಲೂ ಮೇಲೆ ಬೇಟೆಹಕ್ಕಿ ಇದ್ದರೆ ಮಾತ್ರ ಕೊಳ್ಳುವರು. ಮಂಡಿಯೂರಿದ ಗರುಡ, ಸಿಡಿಲಿನ ಮೇಲೆ ನಿಂತ ಈಜಿಪ್ಟಿನ ಹದ್ದು, ಕೊಕ್ಕುಗಳಲ್ಲಿ ಆನೆ ಕಚ್ಚಿಕೊಂಡ ಅಚ್ಯುತರಾಯನ ಗಂಡಭೇರುಂಡ. ಹಿಂಡು ಕಟ್ಟದೆ ಒಂಟಿಯಾಗಿ ಹಾರುವ ಹಕ್ಕಿಯನ್ನೇ ರಾಜರು ಏಕೆ ಆರಿಸಿಕೊಂಡರೆಂದು ಗಂಟೆಗಟ್ಟಲೆ ವಿವರಿಸುವರು. ಮಕ್ಕಳಿಲ್ಲದ ಮನೆ, ಕೇಳಲು ಇದ್ದವಳು ಹೆಂಡತಿ ಸೀತಾ ಒಬ್ಬಳೇ. ಆನೆ ಎತ್ತುವ ಹಕ್ಕಿ ಮನೆಯಲ್ಲಿದ್ದರೂ ಗ್ಯಾಸ್ ಸಿಲಿಂಡರ್ ಎತ್ತುತ್ತಿದ್ದವಳೂ ಅವಳೇ.

ಕೊನೆಯ ಎರಡು ವರ್ಷ ಡಯಾಲಿಸಿಸ್ ನಡೆಯಿತು. ಕಣ್ಣೂ ಮಂಜಾಯಿತು. ಆದರೂ ಸಂಜೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಕ್ಕೆಗಳನ್ನು ಬೆರಳಿನಿಂದ ಸವರಿ, ಯಾವ ಹಕ್ಕಿಯೆಂದು ಹೇಳಿ ನಗುವರು. ಅವರಿಗೆ ಉಳಿದಿದ್ದ ಸಂತೋಷ ಅದೊಂದೇ. ಯಾರ ಮುಂದೆಯೂ ಕೈಚಾಚದೆ ಸೀತಾ ಆಸ್ಪತ್ರೆಯ ಖರ್ಚು ತೂಗಿಸಿದ್ದನ್ನು ಕಂಡು ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ತನ್ನ ಹಕ್ಕಿಗಳೆಲ್ಲ ಮ್ಯೂಸಿಯಂ ಸೇರಲಿ, ಗಾಜಿನ ಕಪಾಟಿನ ಮೇಲೆ ತನ್ನ ಹೆಸರಿರಲಿ ಎಂದು ನಾಲ್ಕು ಜನರ ಮುಂದೆ ಹೇಳಿಯೇ ಪುರುಷೋತ್ತಮ ಕಣ್ಣುಮುಚ್ಚಿದರು.

ಆ ಕೆಲಸವನ್ನು ಹೊತ್ತುಕೊಂಡವರು ಅವರ ಗೆಳೆಯ ಚನ್ನವೀರೇಶ್. ಗದಗಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಹೆಂಡತಿ ಹೋದಮೇಲೆ ಕೆಂಗೇರಿಯಲ್ಲಿ ಒಬ್ಬರೇ. ಇಬ್ಬರದೂ ಒಂದೇ ಹುಚ್ಚು. ಒಬ್ಬರು ಕೊಂಡಂಥ ಹಕ್ಕಿಯನ್ನೇ ಇನ್ನೊಬ್ಬರೂ ಹಟಕ್ಕೆ ಬಿದ್ದು ಹುಡುಕಿ ತರುವರು. ಪ್ರತಿ ನಾಣ್ಯವನ್ನೂ ತೂಗಿ, ಫೋಟೋ ತೆಗೆದು ಮ್ಯೂಸಿಯಮ್ಮಿಗೆ ಕೊಡಬೇಕಿತ್ತು. ವರ್ಷದ ಕಾರ್ಯ ಮುಗಿಯಲಿ ಎಂದು ಸೀತಾ ಮುಂದೂಡಿದಳು. ಅದೂ ಮುಗಿಯಿತು, ಬೇರೆ ನೆಪ ಸಿಗಲಿಲ್ಲ. ಮೊದಲ ಭಾನುವಾರ ಪೆಟ್ಟಿಗೆಯ ಬೀಗದಕೈ ಕೊಟ್ಟು, ಅವಳು ಅಲ್ಲೇ ಬಾಗಿಲ ಬಳಿ ನಿಂತಳು. ಚನ್ನವೀರೇಶ್ ಭೂತಗನ್ನಡಿಯಲ್ಲಿ ಒಂದು ಗರುಡನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಗೆಳೆಯನ ಫೋಟೋ ನೋಡಿದರು.

"ಭಾಳ ಚಲೋ ಅದಾವ್ರೀ ವೈನಿ" ಎಂದರು. ಸೀತಾಗೆ ಹೋದ ಜೀವ ಬಂದಂತಾಯಿತು.

ಮರುವಾರದಿಂದಲೇ ಅದಲುಬದಲು ಶುರುವಾಯಿತು. ಅವಳು ಕೇಳಬಹುದಿತ್ತು, ಕೇಳಲಿಲ್ಲ. ನಾಳೆ ಮ್ಯೂಸಿಯಮ್ಮಿನವರು ನೋಡಿ ಇವು ನಕಲಿ ಎಂದರೆ ಬೆರಳು ಯಾರ ಕಡೆ ತೋರಿಸಬೇಕೆಂಬುದು ಈಗ ಅವಳಿಗೆ ಗೊತ್ತಿತ್ತು. ಆದರೆ ಅವಳ ಬಾಯಿ ಕಟ್ಟಿದ್ದು ಅದೊಂದೇ ಅಲ್ಲ. ಸೋಮವಾರದಿಂದ ಶನಿವಾರದವರೆಗೆ ಅವಳು ಆಡುತ್ತಿದ್ದದ್ದು ತರಕಾರಿಯವನ ಜೊತೆ ಎರಡು ಮಾತು, ಅಷ್ಟೇ. ಭಾನುವಾರ ಮಾತ್ರ ಆ ಮನುಷ್ಯ ಅತ್ತಿಗುಪ್ಪೆ ಸ್ಟೇಷನ್ನಿನಲ್ಲಿ ಇಳಿದು ಬೆವರೊರೆಸಿಕೊಳ್ಳುತ್ತ ಬರುವರು. ಮೆಟ್ರೋದಲ್ಲಿ ಸೀಟಿಗಾಗಿ ಯಾರು ಯಾರ ಜೊತೆ ಜಗಳವಾಡಿದರೆಂದು ಹೇಳುವರು. ಎರಡು ಸಲ ಬಡಿಸಿಕೊಂಡು ಉಣ್ಣುವರು. ಅಷ್ಟಕ್ಕೆ ವಾರಕ್ಕೊಂದು ಹಕ್ಕಿ ಹೋದರೆ ಹೋಗಲಿ ಎಂದುಕೊಂಡಳು. ಅವರು ಅಷ್ಟು ಜೋಪಾನವಾಗಿ ಜೇಬಿಗಿಳಿಸುವುದನ್ನು ಕಂಡರೆ ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ, ಪಾಪ ಅನ್ನಿಸುತ್ತಿತ್ತು.

ಇವತ್ತು ಗಂಡಭೇರುಂಡದ ಸರದಿ. ಅದೇ ಕೊನೆಯದು. ಬುಧವಾರ ಮ್ಯೂಸಿಯಮ್ಮಿನವರು ಬಂದು ಪೆಟ್ಟಿಗೆ ಒಯ್ಯುತ್ತಾರೆ. ಇನ್ನು ಈ ಮನೆಗೆ ಬರಲು ಚನ್ನವೀರೇಶರಿಗೆ ಕಾರಣವಿಲ್ಲ. ಅದು ನೆನಪಾದದ್ದೇ ತಡ, ಸೀತಾಗೆ ತಡೆಯಲಾಗಲಿಲ್ಲ. ಜಗಳವಾದರೂ ಆಗಲಿ, ಅವರು ಸುಮ್ಮನೆ ಎದ್ದು ಹೋಗುವುದು ಬೇಡ.

"ಜೇಬಲ್ಲಿ ಏನಿದೆ, ತೋರ್ಸಿ" ಎಂದಳು.

ಚನ್ನವೀರೇಶ್ ಬೆಪ್ಪಾದರು. ನಾಣ್ಯ ತೆಗೆದು ಟೀಪಾಯಿಯ ಮೇಲಿಟ್ಟು, ತಲೆ ತಗ್ಗಿಸಿ ಕೂತರು.

"ಇದು ನಕಲಿ ಐತ್ರೀ ವೈನಿ. ಪೆಟ್ಟಿಗ್ಯಾಗ ಇದ್ದವೆಲ್ಲಾ ನಕಲಿನೇ. ಮೊದಲನೇ ದಿನಾನೇ ಗೊತ್ತಾತು."

ಉಳಿದದ್ದನ್ನು ತಡವರಿಸುತ್ತ ಹೇಳಿದರು. ಗಂಡನನ್ನು ಕಳೆದುಕೊಂಡವಳಿಗೆ ಇದನ್ನು ಹೇಗೆ ತಿಳಿಸುವುದು? ಮ್ಯೂಸಿಯಮ್ಮಿನಲ್ಲಿ ಗೆಳೆಯನ ಹೆಸರು ಹೇಳಿ ಜನ ನಗುವುದು ಬೇಡವೆನ್ನಿಸಿತು. ಅದೇ ಹಕ್ಕಿಗಳು ತಮ್ಮ ಮನೆಯಲ್ಲೂ ಇದ್ದವು, ಅಸಲಿಯವು. ವಾರಕ್ಕೊಂದು ತಂದಿಟ್ಟರು. ತಮಗೂ ಹಿಂದೆಮುಂದೆ ಯಾರೂ ಇಲ್ಲ; ಯಾರ ಹೆಸರಿನ ಕಪಾಟಿನಲ್ಲಿ ಕೂತರೇನು?

ಸೀತಾ ಅವರ ಎದುರಿನ ಕುರ್ಚಿಯಲ್ಲಿ ಕೂತಳು.

"ಸರ್‌ಗೆ ಕಣ್ಣು ಮಂಜಾದ ಮ್ಯಾಲೆ ಯಾರೋ ಮೋಸ ಮಾಡ್ಯಾರ" ಎಂದರು ಚನ್ನವೀರೇಶ್. "ಅಂವ ಯಾವನರ ಇರ್ಲಿ, ಜನ್ಮದಾಗ ಅವನ ಮಾರಿ ನೋಡಂಗಿಲ್ಲ ನಾ. ನಿಮಗೇನರ ಗೊತ್ತೇನ್ರೀ?"

ಡಯಾಲಿಸಿಸ್ಸಿಗಾಗಿ ಒಂದೊಂದೇ ಹಕ್ಕಿಯನ್ನು ಮಾರಿ, ಗಂಡನ ಬೆರಳಿಗೆ ತಿಳಿಯದ ಹಾಗೆ ಅದರ ಜಾಗದಲ್ಲಿ ಎರಕದ ಹಕ್ಕಿಯನ್ನು ಕೂರಿಸುತ್ತ ಬಂದಿದ್ದ ಸೀತಾ, ಇಲ್ಲವೆಂದು ತಲೆಯಾಡಿಸಿ, ಮುಂದಿನ ಭಾನುವಾರವೂ ಊಟಕ್ಕೆ ಬನ್ನಿ ಎಂದಳು.