ಕಲಿಯುವವನ ಕೂಲಿ

“ರೇಟು ಏರಿಸಬ್ಯಾಡ್ರಿ,” ಎಂದ ಬಾಬಣ್ಣ. ಸಭೆಯಲ್ಲಿ ಒಮ್ಮೆಲೇ ಗದ್ದಲವೆದ್ದಿತು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗೋಡೆ ಕಟ್ಟುವ ಗೌಂಡಿಗಳು, ಗುತ್ತಿಗೆದಾರರು, ಗೌಂಡಿ ಕೆಲಸ ಕಲಿಯುವವರು ಬೆಟಗೇರಿಯ ಮಂಗಲ ಕಾರ್ಯಾಲಯವೊಂದರಲ್ಲಿ ಸೇರಿದ್ದರು. ಕಲಿಯುವವರ ದಿನಗೂಲಿಗೆ ಹೇಳುವವರು ಕೇಳುವವರು ಇರಲಿಲ್ಲ. ಎಲ್ಲ ಕಡೆಗೂ ಒಂದೇ ನ್ಯಾಯವಾದ ಕೂಲಿ ಗೊತ್ತುಮಾಡಬೇಕಿತ್ತು. ನಾಲ್ಕುನೂರು ಇದ್ದದ್ದು ಆರುನೂರಾಗಲಿ ಎಂಬ ಮಾತಿಗೆ ದೊಡ್ಡ ಗುತ್ತಿಗೆದಾರ ಕಳಕೇಶನೂ ಹೂಂ ಅಂದಾಗಿತ್ತು. ಅಷ್ಟರಲ್ಲಿ ಈ ಅಡ್ಡಮಾತು.

ಬಾಬಣ್ಣ ಗುತ್ತಿಗೆದಾರರ ಸಾಲಿನ ಕೊನೆಯ ಕುರ್ಚಿಯಿಂದ ಎದ್ದು ನಿಂತಿದ್ದ. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಟವೆಲ್ಲಿನಲ್ಲಿ ಸುತ್ತಿಕೊಂಡ ಕೈಗಳು. ಒಳಗೆ ಬರುವಾಗ ಬಾಗಿಲಲ್ಲೇ ಲಕ್ಷ್ಮೇಶ್ವರದ ಗುತ್ತಿಗೆದಾರ ಹೊನ್ನೇಶ ಅವನನ್ನು ಹಿಡಿದು ನಿಲ್ಲಿಸಿದ್ದ. ಬಾಬಣ್ಣನ ಮಗಳು ಸಪ್ನಾಳನ್ನು ಹೋದ ವರ್ಷ ಸೊಸೆಯಾಗಿ ತಂದುಕೊಂಡವನು ಅವನು. “ಇವರು ನಮ್ಮ ಬೀಗರು. ಮಗ್ಗ ಮಾರಿ ಈಗ ಕಟ್ಟಡದ ಕೆಲಸ ಹಿಡಿದಾರ,” ಎಂದು ಎಲ್ಲರಿಗೂ ಪರಿಚಯಿಸಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಬಾಬಣ್ಣ ತಲೆ ತಗ್ಗಿಸಿ ಕೂತಿದ್ದ. ಕಳಕೇಶ ಅವನನ್ನು ನೋಡಿ ಹುಬ್ಬೇರಿಸಿ, ಫೋನಿನತ್ತ ಮುಖ ತಿರುಗಿಸಿದ್ದ.

ವೇದಿಕೆಯ ಮೇಲೆ ವಿದ್ಯಾಶ್ರೀ ಮೈಕು ಹಿಡಿದಳು. ಮುಂಡರಗಿಯ ಗೌಂಡಿಯೊಬ್ಬನ ಮಗಳು; ಊರೂರು ಸುತ್ತಿ ಈ ಸಭೆ ಕೂಡಿಸಿದವಳು. ಅವಳ ತಮ್ಮ ಕಲಿಯುವವನ ಕೂಲಿಯಲ್ಲೇ ವರ್ಷಗಟ್ಟಲೆ ದುಡಿದು, ಒಂದು ದಿನ ಹಸಿದ ಹೊಟ್ಟೆಯಲ್ಲಿ ತಲೆ ತಿರುಗಿ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ.

“ಯಾಕ ಏರಿಸಬಾರದ್ರಿ ಯಜಮಾನ್ರ?”

“ಕಲಿಯಾವಗ ಏನೂ ಬರಂಗಿಲ್ರಿ. ಇಟ್ಟಂಗಿ ಸೊಟ್ಟ ಇಡ್ತಾನ. ಕಟ್ಟಿದ ಗ್ವಾಡಿ ಕೆಡವಿ ಮತ್ತ ಕಟ್ಟಬೇಕಾಕ್ಕೈತಿ. ಅಂಥಾವಗ ಆರುನೂರು ಯಾರು ಕೊಡ್ತಾರ?”

“ನಿಮ್ಮ ಪೈಕಿ ಕಲಿಯಾವರು ಎಷ್ಟು ಮಂದಿ ಅದಾರ?”

ಬಾಬಣ್ಣ ಬೀಗನ ಕಡೆ ನೋಡಿದ. “ಒಬ್ಬಾಂವರಿ.”

“ಅವನ ಮನ್ಯಾಗ ಒಲಿ ಹೆಂಗ ಹತ್ತತೈತಿ ಅಂತ ಎಂದಾದ್ರೂ ಕೇಳೀರೇನು?”

“ಕೇಳೂದು ಬ್ಯಾಡರಿ. ಗೊತ್ತೈತಿ.”

“ಗೊತ್ತಿದ್ದೂ ನಾಲ್ಕುನೂರು ಸಾಕು ಅಂತೀರಿ.”

“ಸಾಕಾಗಂಗಿಲ್ರಿ. ಆದ್ರೂ ಅಷ್ಟ ಇರಲಿ ಅಂತೀನಿ.”

“ಹೊರಗ ಹಾಕ್ರಿ ಆ ಯಜಮಾನನ್ನ,” ಎಂದು ಹಿಂದಿನಿಂದ ಯಾರೋ ಕೂಗಿದರು. ನಗು, ಶಿಳ್ಳೆ. ಹೊನ್ನೇಶ ಬಾಬಣ್ಣನ ಅಂಗಿ ಜಗ್ಗಿದ. “ಕುಂಡ್ರಿ ಬೀಗರ. ಗುತ್ತಿಗೆದಾರರು ಎಲ್ಲಾರೂ ಒಪ್ಪೇವಿ, ನಿಮ್ಮೊಬ್ಬರದ ಏನಿದು ಹಟ? ನನ್ನ ಮರ್ಯಾದಿ ಹೊಕ್ಕೈತಿ.”

ಬಾಬಣ್ಣ ಕೂರಲಿಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಯಮನವ್ವ ಅವನ ಅಂಗಿಯ ಗುಂಡಿ ಹಾಕುತ್ತ ಹೇಳಿದ್ದಳು: “ನಾಚಿಗಿ ಬಿಟ್ಟು ಹೇಳ್ರಿ. ರೇಟು ಏರಿತಂದ್ರ ನಮ್ಮ ಮನಿ ಮುಳಗತೈತಿ.” ಆ ನಾಚಿಕೆಯೇ ಬಿಡುತ್ತಿರಲಿಲ್ಲ. ಬೀಗ ಪಕ್ಕದಲ್ಲಿದ್ದ. ಸಪ್ನಾ ಆ ಮನೆಯಲ್ಲಿ ಬಾಳಬೇಕಿತ್ತು.

“ಆರುನೂರು ಮಾಡಿದ್ರ ಆ ಒಬ್ಬಾಂವ ಕೆಲಸ ಕಳ್ಕೋತಾನ್ರಿ,” ಎಂದ. ಟವೆಲ್ ಸಮೇತ ಕೈ ಜೋಡಿಸಿದ. “ಕಾಲಿಗೆ ಬೀಳ್ತೀನಿ ಬೇಕಾದ್ರ.” ಅವನ ಕಣ್ಣುಗಳು ತುಂಬಿದ್ದವು.

ಆ ಕಣ್ಣೀರು ಕಂಡು ವಿದ್ಯಾಶ್ರೀಗೆ ಮೈ ಉರಿಯಿತು. “ಹಂಗಾರ ಅವನ್ನ ಬಿಡಿಸಬ್ಯಾಡ್ರಿ. ಇಟ್ಕೊಳ್ಳೂದು ಬಿಡೂದು ನಿಮ್ಮ ಕೈಯಾಗ ಐತಿ.”

“ನನ್ನ ಕೈಯಾಗ ಏನೂ ಇಲ್ಲ ನಮ್ಮವ್ವ.”

ಕಳಕೇಶ ಫೋನಿನಿಂದ ತಲೆ ಎತ್ತಿದ. “ಮಾತು ಬೆಳಸೂದು ಬ್ಯಾಡ. ಆರುನೂರಕ್ಕ ನನ್ನ ಒಪ್ಪಿಗಿ ಐತಿ. ಆದ್ರ ಆಳು ಆರಿಸ್ಕೊಳ್ಳಾವ ನಾನ.”

ಕೈಗಳು ಮೇಲೆದ್ದವು. ಚಪ್ಪಾಳೆ ಬಿದ್ದಿತು. ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ಸಡಗರದಲ್ಲಿ ಬಾಬಣ್ಣ ಯಾವಾಗ ಹೊರಗೆ ಹೋದನೋ, ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾಶ್ರೀ ಗದಗಿನ ಮುಳಗುಂದ ನಾಕಾಕ್ಕೆ ಬಂದಳು. ಗುತ್ತಿಗೆದಾರರು ಆಳು ಕರೆದೊಯ್ಯಲು ಬರುವುದು ಅಲ್ಲಿಗೆ. ಹೊಸ ರೇಟು ನಿಜಕ್ಕೂ ನಡೆಯುತ್ತದೆಯೇ ಎಂದು ಕಣ್ಣಾರೆ ನೋಡಬೇಕಿತ್ತು. ನಡೆಯಿತು. ಕಳಕೇಶನ ಟಂಟಂ ಗಾಡಿ ಬಂದು ನಿಂತಿತು. ಗಟ್ಟಿಮುಟ್ಟಾದ ಹುಡುಗರು ಆರುನೂರಕ್ಕೇ ಹತ್ತಿದರು. ಒಬ್ಬ ಅವಳತ್ತ ಕೈ ಬೀಸಿದ. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಯಿತು. ಮನೆಯಲ್ಲಿ ಮಲಗಿದ್ದ ತಮ್ಮನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಳು.

ಗಾಡಿಗಳೆಲ್ಲ ಹೋದ ಮೇಲೆ ಚಹದಂಗಡಿಯ ಪಕ್ಕ ಬಾಬಣ್ಣ ಒಬ್ಬನೇ ನಿಂತಿದ್ದದ್ದು ಕಾಣಿಸಿತು. ನಿನ್ನೆ ಅಷ್ಟು ಹಟ ಹಿಡಿದವನು ಇವತ್ತು ಆಳು ಹುಡುಕಿಕೊಂಡು ಬಂದಿದ್ದಾನೆ. ಅವಳಿಗೆ ಸಿಟ್ಟು ಉಳಿದಿರಲಿಲ್ಲ. ಹತ್ತಿರ ಹೋದಳು.

“ತಡಾ ಮಾಡಿ ಬಂದ್ರಿ ಯಜಮಾನ್ರ. ಕಲಿಯಾವರೆಲ್ಲಾ ಹೋದ್ರು. ಎಷ್ಟು ಮಂದಿ ಬೇಕಾಗಿದ್ರು ನಿಮಗ?”

“ಎಲ್ಲಾರಕಿಂತ ಮೊದಲ ಬಂದು ನಿಂತೀನಿ ನಮ್ಮವ್ವ,” ಎಂದ ಬಾಬಣ್ಣ. “ಮೊನ್ನಿತನಕಾ ಕಳಕೇಶಪ್ಪನ ಕಡೆ ನಾನೂ ಕಲ್ಯಾಕತ್ತಿದ್ದೆ, ಆರುನೂರಕ್ಕ ಈ ಮುದುಕ ಅವಗ ಬ್ಯಾಡಂತ.”