ಬೋಗುಣಿ ಟೊಪ್ಪಿಗೆಯವರು

“ನಮ್ಮವರು ಸೋತರು” ಎಂದು ಮೈಕಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಖಾದರಸಾಬನ ಕಿವಿಯ ಪಕ್ಕದಿಂದ ಒಂದು ಚಪ್ಪಲಿ ಹಾರಿಹೋಗಿ ಪರದೆಗೆ ಬಡಿಯಿತು.

ಹಿರೇಕೆರೂರಿನ ಟೆಂಟು ಸಿನಿಮಾದಲ್ಲಿ ಅಂದು ಇಂಗ್ಲಿಷ್ ಯುದ್ಧದ ಚಿತ್ರ. ಕಪ್ಪು-ಬಿಳುಪಿನದು, ಹಳೆಯದು, ಆದ್ದರಿಂದ ಅಗ್ಗದ್ದು. ಮಾತು ಒಬ್ಬರಿಗೂ ತಿಳಿಯುವುದಿಲ್ಲವೆಂದು ಪರದೆಯ ಪಕ್ಕ ನಿಂತು ಕಥೆ ಹೇಳುವ ಕೆಲಸ ಖಾದರಸಾಬನದು. ಇಂಗ್ಲಿಷ್ ಅವನಿಗೂ ಬರುತ್ತಿರಲಿಲ್ಲ. ಧ್ವನಿ ಮಾತ್ರ ದೊಡ್ಡದಿತ್ತು. ಹುಬ್ಬಳ್ಳಿ ಬಸ್ಸಿನಲ್ಲಿ ರೀಲಿನ ಡಬ್ಬಿ ಬಂದದ್ದೇ ಸಂಜೆ ಐದಕ್ಕೆ. ಮೊದಲೇ ನೋಡಲು ಹೊತ್ತೆಲ್ಲಿ? ಒಂದು ಪಡೆಯವರ ತಲೆಯ ಮೇಲೆ ತಾಟಿನಂಥ ಟೊಪ್ಪಿಗೆ, ಇನ್ನೊಂದು ಪಡೆಯವರದು ಬೋಗುಣಿಯಂಥದು. ಗುರುತು ಹಿಡಿಯೋಣವೆಂದರೆ ಬಾವುಟಕ್ಕೂ ಬಣ್ಣವಿಲ್ಲ. ಬೋಗುಣಿಯವರ ಬೂಟುಗಳು ಚೆನ್ನಾಗಿ ಹೊಳೆಯುತ್ತಿದ್ದವು. “ಇವರ ನೋಡ್ರಿ ನಮ್ಮವರು!” ಎಂದುಬಿಟ್ಟ. ಎರಡು ತಾಸು ಇಡೀ ಟೆಂಟು ಬೋಗುಣಿಯವರಿಗೆ ಜೈ ಎಂದಿತು.

ದೀಪ ಹತ್ತಿದಾಗ ಕುರ್ಚಿಯ ಸಾಲಿನಿಂದ ಕಾಳಿನ ಅಡತಿ ಅಂಗಡಿಯ ಪರಮೇಶ್ವರಪ್ಪ ಎದ್ದ. ಪಾಕಿಸ್ತಾನದ ಯುದ್ಧ ಮುಗಿದು ಇನ್ನೂ ಆರು ತಿಂಗಳಾಗಿರಲಿಲ್ಲ. ಅದನ್ನು ಆತ ರೇಡಿಯೋದ ಮುಂದೆ ಕೂತು ಗೆದ್ದಿದ್ದ.

“ಯಾಕಲೇ ಸಾಬ, ನಮ್ಮವರನ್ನ ಬೇಕಂತ ಸೋಲಿಸಿದಿ?”

“ನಾ ಎಲ್ಲಿ ಸೋಲಿಸಿದೆರಿ, ಸಾವ್ಕಾರ? ರೀಲಿನ್ಯಾಗ ಹಂಗೈತಿ.”

“ಅವರು ನಮ್ಮವರು ಅಂದಾಂವ ಯಾರು?”

“ತಪ್ಪಾತ್ರಿ. ಟೊಪ್ಪಿಗಿ ನೋಡಿ ಗುರುತು ಸಿಗಲಿಲ್ಲ.”

“ನಮ್ಮವರ ಗುರುತು ನಿಮಗ ಹೆಂಗ ಸಿಗಬೇಕು ಬಿಡು.”

ಖಾದರಸಾಬನ ಮುತ್ತಜ್ಜ ಹುಟ್ಟಿದ್ದೂ ಇದೇ ಊರಿನಲ್ಲಿ. ಬಂಕಾಪುರದಿಂದ ಬಂದು ಇಲ್ಲಿ ಅಂಗಡಿ ಹಾಕಿದವನು ಪರಮೇಶ್ವರಪ್ಪನ ಅಪ್ಪ. ಅದನ್ನು ಹೇಳಲು ಮೈಕು ಕೈಯಲ್ಲೇ ಇತ್ತು. ಖಾದರಸಾಬ ಅದನ್ನು ಆರಿಸಿ ವೈರು ಸುತ್ತತೊಡಗಿದ.

ಟೆಂಟಿನ ಮಾಲೀಕ ಗುತ್ತೆಪ್ಪ ಅವನನ್ನು ಹೊರಗೆ ಕರೆದು, “ನಾಳೆ ಮತ್ತ ಗದ್ದಲಾತಂದ್ರ ಮನೀಗೆ ನಡಿ. ಮೈಕು ಗೇಟಿನ ಹೂವಪ್ಪಗ ಕೊಡ್ತೇನಿ” ಎಂದ.

ಮರುಸಂಜೆ ಅದೇ ಚಿತ್ರದ ಮೊದಲ ರೀಲು ಏರುವ ಮುಂಚೆಯೇ ಖಾದರಸಾಬ ಕುರ್ಚಿಯ ಸಾಲಿಗೆ ಹೋಗಿ ಕೈಮುಗಿದ.

“ಸಾವ್ಕಾರ, ಇದರಾಗ ನಮ್ಮವರು ಯಾರು ಅನ್ನೋದನ್ನ ಇವತ್ತ ನೀವ ಹೇಳಿಬಿಡ್ರಿ.”

ಪರಮೇಶ್ವರಪ್ಪ ಎಲೆಯಡಿಕೆಯ ರಸ ನುಂಗಿದ. “ನಿನ್ನೆ ಗೆದ್ದವರು ಯಾರು?”

“ತಾಟಿನ ಟೊಪ್ಪಿಗಿಯವರ್ರಿ.”

“ಮತ್ತ? ಇದನ್ನೂ ಕೇಳಬೇಕೇನಲೇ?”

ಅಂದು ಟೆಂಟು ತಾಟಿನವರಿಗೆ ಜೈ ಎಂದಿತು. ಕೊನೆಗೆ ಬೋಗುಣಿಯವರ ಮೀಸೆಯ ಅಧಿಕಾರಿ ಗುಂಡು ತಿಂದು ಕೆಸರಿನಲ್ಲಿ ಬಿದ್ದ. ಹಿಂದಿನ ದಿನ ಇದೇ ಸಾವಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದ ಮಂಡಕ್ಕಿ ಮಾರುವ ಶಂಕ್ರವ್ವ, ಚಾಪೆಯ ಮೇಲೆ ಎದ್ದು ನಿಂತು ಕೂಗಿದಳು:

“ಇನ್ನಾ ಉಸಿರಾಡಾಕತ್ತಾನ ನೋಡ್ರಿ, ಇನ್ನೊಂದು ಹಾಕ್ರಿ ಅವಗ!”